ಮುರುಗೆಪ್ಪನವರ ಮರಾಠಿ

ನಮ್ಮ ಭವಾನಿ ಪೇಠೆಯ ವಾಡೆಯ ವಠಾರದಲ್ಲಿ ಇಬ್ಬರಿಗೆ ಮಾತ್ರ ಶುದ್ಧ ಮರಾಠಿ ಬರುತ್ತದೆ ಎಂದು ಮುರುಗೆಪ್ಪನವರು ಹೇಳುತ್ತಿದ್ದರು. ಒಬ್ಬರು ತಾವು. ಇನ್ನೊಬ್ಬರು ಯಾರೆಂದು ಕೇಳಿದರೆ ಸ್ವಲ್ಪ ಯೋಚಿಸಿ, "ಅವರು ತೀರಿಕೊಂಡ್ರು" ಎನ್ನುತ್ತಿದ್ದರು.

ಊರು ವಿಜಾಪುರದ ಕಡೆ. ಮೀಸೆ ಮೂಡುವ ವಯಸ್ಸಿನಲ್ಲಿ ಪುಣೆಗೆ ಬಂದು ಬೆಲ್ಲದ ಅಡತಿ ಅಂಗಡಿಯಲ್ಲಿ ಗೋಣಿ ಎಣಿಸುವ ಕೆಲಸಕ್ಕೆ ಸೇರಿ, ಅಲ್ಲಿಯೇ ಲೆಕ್ಕ ಬರೆಯುವ ದಿವಾಣಜಿಯಾದವರು. ಬಿಳಿ ಟೊಪ್ಪಿಗೆ, ಹಣೆಯ ತುಂಬ ವಿಭೂತಿ, ಕಿವಿಯ ಮೇಲೆ ಪೆನ್ನು. ಪೆನ್ನು ಬರೆಯುವುದಕ್ಕಿಂತ ಹೆಚ್ಚಾಗಿ ಬೇರೆಯವರ ಮಾತು ತಿದ್ದುವಾಗ ಗಾಳಿಯಲ್ಲಿ ಆಡಿಸುವುದಕ್ಕೆ. ಇಂದಾಪುರದ ಹಳ್ಳಿಗಳಿಂದ ಬೆಲ್ಲ ತಂದ ರೈತ "ಪಾನೀ" ಎಂದರೆ ಇವರು "ಪಾಣೀ" ಎಂದು ತಿದ್ದಿಯೇ ತಂಬಿಗೆ ಕೊಡುತ್ತಿದ್ದರು. ತಲೆಮಾರುಗಳಿಂದ ಮರಾಠಿಯನ್ನೇ ಆಡಿಕೊಂಡು ಬಂದ ಆ ರೈತ, ಬಾಯಾರಿಕೆಗಾಗಿ ಒಪ್ಪಿಕೊಳ್ಳುತ್ತಿದ್ದ.

ಅವರ ಹೆಂಡತಿ ಶಿವಬಸವ್ವನವರಿಗೆ ಮರಾಠಿ ಬರುತ್ತಿರಲಿಲ್ಲ. ಬಾರದ್ದಕ್ಕೆ ಕಾರಣ ಅವರ ಬುದ್ಧಿಯಲ್ಲ, ಗಂಡನ ಬಾಯಿ. ಲಗ್ನವಾಗಿ ಬಂದ ಹೊಸದರಲ್ಲಿ ಮಂಡಈ ಮಾರುಕಟ್ಟೆಯಲ್ಲಿ ಕಾಯಿಪಲ್ಲೆಯವಳಿಗೆ ಏನೋ ಹೇಳಹೋಗಿ ತಪ್ಪಿದರಂತೆ. ಸುತ್ತಲಿದ್ದವರು ನಕ್ಕರಂತೆ. ಮುರುಗೆಪ್ಪನವರಿಗೆ ಅವಮಾನವಾಯಿತು. "ನೀ ಸುಮ್ಕಿರು. ನಾ ಮಾತಾಡ್ತೀನಿ" ಅಂದರು. ಆವತ್ತು ಹೇಳಿದ ಆ ಮಾತು ಮೂವತ್ತು ವರ್ಷ ಆ ಮನೆಯ ಕಾಯಿದೆಯಾಗಿ ಉಳಿಯಿತು.

ಬದನೆಕಾಯಿಗೆ ಬೆರಳು ಮಾಡುವುದು ಶಿವಬಸವ್ವನವರು, ಚೌಕಾಶಿ ಇವರು. ನೆರೆಯ ಮರಾಠಿ ಬಾಯಿಯರು "ಕಶಾ ಆಹಾತ?" ಎಂದು ಅವರನ್ನು ಕೇಳಿದರೆ, ತಾನು ಚೆನ್ನಾಗಿರುವ ಸಂಗತಿ ಶಿವಬಸವ್ವನವರಿಗೆ ಗಂಡನ ಬಾಯಿಂದಲೇ ತಿಳಿಯಬೇಕು. ಒಮ್ಮೆ ಹಲ್ಲಿನ ಡಾಕ್ಟರರಲ್ಲಿ ಯಾವ ಹಲ್ಲು ನೋಯುತ್ತದೆ ಎಂಬುದನ್ನೂ ಇವರೇ ಹೇಳಿದರು. ಒಳ್ಳೆಯ ಮರಾಠಿಯಲ್ಲಿ, ವಿಶೇಷಣಗಳ ಸಹಿತ ಹೇಳಿದರು. ಡಾಕ್ಟರು ಹಲ್ಲು ಕಿತ್ತರು. ನೋವು ಮಾತ್ರ ಅದರ ಪಕ್ಕದ ಹಲ್ಲಿನಲ್ಲಿ ಹಾಗೆಯೇ ಉಳಿಯಿತು.

"ಅವರು ಭಾಳ ಚಲೋ ಮಾತಾಡಿದ್ರಲ್ಲ, ನಡುವ ನಾ ಹೆಂಗ ಬಾಯಿ ಹಾಕ್ಲಿ?" ಎಂದು ಶಿವಬಸವ್ವನವರು ನನ್ನ ಹೆಂಡತಿಗೆ ಹೇಳಿ ನಕ್ಕಿದ್ದರು. ಆಗ ನಾವೆಲ್ಲ ನಕ್ಕೆವು. ನಗುವಂತಹದ್ದೇ ಆಗಿತ್ತು.

ತೊಂಬತ್ತೇಳರ ಶ್ರಾವಣದಲ್ಲಿ ಒಂದು ಮುಂಜಾನೆ, ಅಂಗಡಿಯಲ್ಲಿ ಯಾರದೋ ಮಾತು ತಿದ್ದಲು ಪೆನ್ನು ಎತ್ತಿದ ಮುರುಗೆಪ್ಪನವರ ಕೈ ಹಾಗೆಯೇ ಕೆಳಗೆ ಬಿತ್ತು. ಲಕ್ವಾ. ಬಲಗಡೆಯ ಕೈಕಾಲು ಹೋದವು. ನಾಲಿಗೆ ಹೋಯಿತು. ನುಂಗುವುದೂ ಹೋಯಿತು. ಉಳಿದದ್ದು ಎಡಗೈ, ಕಣ್ಣು, ಮತ್ತು ಕಿವಿ. "ಅವರಿಗೆ ಎಲ್ಲಾ ತಿಳೀತದ, ಹೇಳಾಕ ಬರೂದಿಲ್ಲ ಅಷ್ಟ" ಎಂದು ಡಾಕ್ಟರು ಹೇಳಿದ್ದನ್ನು ಮಗಳು ನೀತಾ ತಾಯಿಗೆ ಕನ್ನಡದಲ್ಲಿ ತಿಳಿಸಿದಳು. ಇಂದಾಪುರಕ್ಕೆ ಕೊಟ್ಟ ಮಗಳು. ಸುದ್ದಿ ಕೇಳಿ ಎಸ್‌ಟಿ ಬಸ್ಸು ಹಿಡಿದು ಬಂದಿದ್ದಳು.

ಮನೆಗೆ ಕಳಿಸುವಾಗ ಮೂಗಿನಿಂದ ಹೊಟ್ಟೆಯವರೆಗೆ ಒಂದು ಸಣ್ಣ ನಳಿ ಇಟ್ಟು, ಮೂಗಿನ ಮೇಲೆ ಪಟ್ಟಿ ಅಂಟಿಸಿ ಕಳಿಸಿದರು. ಹಾಲು, ಬೇಳೆಕಟ್ಟು, ತೆಳ್ಳಗಿನ ಗಂಜಿ, ಎಲ್ಲವೂ ಅದರಲ್ಲೇ ಹೋಗಬೇಕು. ಡಾಕ್ಟರು ಒಂದು ಆಸೆಯನ್ನೂ ಕೊಟ್ಟಿದ್ದರು. ಎದೆಗೆ ಏನೂ ಆಗದಂತೆ ನೋಡಿಕೊಂಡರೆ, ದೀಪಾವಳಿಯ ಹೊತ್ತಿಗೆ ನುಂಗಿಸಿ ನೋಡುವುದು. ನುಂಗಿದರೆ ನಳಿ ತೆಗೆಯುವುದು. ಶಿವಬಸವ್ವನವರು ಅದನ್ನು ಮನೆಗೆ ಬಂದ ಎಲ್ಲರಿಗೂ ಹೇಳಿದರು. "ದೀಪಾವಳಿಗೆ ರೊಟ್ಟಿ ತಿಂತಾರಂತ್ರಿ." ಜೋಳದ ರೊಟ್ಟಿಯ ಹೆಸರು ಕೇಳಿದಾಗ ಮುರುಗೆಪ್ಪನವರ ಕಣ್ಣು ಅತ್ತ ತಿರುಗುತ್ತಿತ್ತು.

ನಳಿಯಲ್ಲಿ ಕೊಡುವುದನ್ನು ಆಸ್ಪತ್ರೆಯ ನರ್ಸ್ ಬಾಯಿ ಶಿವಬಸವ್ವನವರಿಗೇ ತೋರಿಸಿಕೊಟ್ಟಳು. ಕೈ ತೊಳೆಯುವುದು, ಗಂಜಿ ಎರಡು ಸಲ ಸೋಸುವುದು, ಹಿಡಿಕೆ ತೆಗೆದ ಸಿರಿಂಜನ್ನು ನಳಿಗೆ ಸಿಕ್ಕಿಸಿ ಎತ್ತಿ ಹಿಡಿದು ನಿಧಾನವಾಗಿ ಸುರಿಯುವುದು, ಕೊನೆಗೆ ನೀರು ಬಿಡುವುದು. ಇವನ್ನೆಲ್ಲ ನೀತಾ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳಿದಳು. ಕೊನೆಯಲ್ಲಿ ಅವಳು ಔಷಧಿ ತರಲು ಕೆಳಗಿಳಿದಾಗ ನರ್ಸ್‌ಗೆ ಇನ್ನೊಂದು ಮಾತು ನೆನಪಾಯಿತು.

"ಆಜೀ, ಬಸವೂನ್ ದ್ಯಾಯಚಂ ಹಂ! ಬಸವೂನಚ್!" ಎಂದು, ಅಂಗೈ ಮೇಲೆ ಮಾಡಿ ಕೈಯನ್ನು ಮೇಲಕ್ಕೆತ್ತಿ ತೋರಿಸಿದಳು.

ಕೂಡಿಸಿಯೇ ಕೊಡಬೇಕು ಎಂದು ಅದರ ಅರ್ಥ. ಮಲಗಿಸಿ ಸುರಿದರೆ ಹೊಟ್ಟೆಗೆ ಹೋದದ್ದು ಮೇಲೇರಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಶಿವಬಸವ್ವನವರಿಗೆ "ದ್ಯಾ" ಎಂದರೆ ಕೊಡು ಎಂಬುದು ಗೊತ್ತಿತ್ತು. ಬಾಗಿಲಿಗೆ ಬಂದವರಿಗೆ "ಬಸಾ" ಎನ್ನಲೂ ಬರುತ್ತಿತ್ತು. ಆದರೆ ಎದುರಿಗೆ ಮೂಗಿನಲ್ಲಿ ನಳಿ ಇಟ್ಟುಕೊಂಡ ಗಂಡ, ಅವರ ಹಣೆಯ ಮೇಲೆ ವಿಭೂತಿ, ಮೇಲಕ್ಕೆತ್ತಿದ ಕೈ, ಕಿವಿಗೆ ಬಿದ್ದದ್ದು ಬಸವ. ಹುಟ್ಟಿದಾಗಿನಿಂದ ಕೇಳಿಕೊಂಡು ಬಂದ ಹೆಸರು. ತನ್ನ ಹೆಸರಿನಲ್ಲೂ ಅದೇ ಇದೆ. ಆ ಹೊತ್ತಿನಲ್ಲಿ ವ್ಯಾಕರಣ ಹುಡುಕುವವರು ಯಾರು? ಬಸವನನ್ನು ನೆನೆದು ಕೊಡು ಎಂದಳು ಪುಣ್ಯಾತ್ಮಳು ಎಂದುಕೊಂಡು ಶಿವಬಸವ್ವನವರು ಆ ಹುಡುಗಿಗೆ ಎರಡೂ ಕೈ ಜೋಡಿಸಿದರು.

ಆಸ್ಪತ್ರೆಯ ಮಂಚ ತಲೆಯ ಕಡೆ ಎದ್ದೇ ಇತ್ತು. ಅದು ಆಸ್ಪತ್ರೆಯ ಮಂಚಗಳ ಸ್ವಭಾವ ಎಂದು ಅವರು ತಿಳಿದಿದ್ದರು. ಮನೆಯದು ಸಾಗವಾನಿಯ ಮಂಚ, ಯಾರಿಗೂ ತಲೆ ಎತ್ತಿದ್ದಲ್ಲ.

ನೀತಾ ಮಕ್ಕಳ ಶಾಲೆಯೆಂದು ಇಂದಾಪುರಕ್ಕೆ ಮರಳಿದಳು. ಶಿವಬಸವ್ವನವರು ನರ್ಸ್ ಹೇಳಿದ್ದರಲ್ಲಿ ಒಂದಕ್ಷರ ಬಿಡದೆ ನಡೆಸಿದರು. ಗಂಜಿ ಸೋಸಲು ಹೊಸ ಮಲ್‌ಮಲ್ ಬಟ್ಟೆ. ಸಿರಿಂಜು ತೊಳೆಯುವ ನೀರೂ ಕುದಿಸಿದ್ದೇ. ಮಂದಿ ನೋಡಲು ಬಂದಾಗ ಗಂಡನ ಮರ್ಯಾದೆಗೆಂದು ದಿಂಬು ಕೊಟ್ಟು ಕೂಡಿಸುತ್ತಿದ್ದರು. ಊಟದ ಹೊತ್ತಿಗೆ, ಬಂದವರ ದೃಷ್ಟಿ ಬೀಳಬಾರದೆಂದು ನಮ್ಮನ್ನೆಲ್ಲ ಹೊರಗಿನ ಕೋಣೆಗೆ ಕಳಿಸಿ, ಪರದೆ ಎಳೆದು, ದಿಂಬು ತೆಗೆದು, ಆರಾಮವಾಗಿ ಅಂಗಾತ ಮಲಗಿಸಿ, "ಬಸವಾ... ಬಸವಾ..." ಎನ್ನುತ್ತ ಸುರಿಯುತ್ತಿದ್ದರು. ನಮಗೆ ಪರದೆಯ ಈಚೆ ಆ ಹೆಸರು ಕೇಳುತ್ತಿತ್ತು. ಆಮೇಲೆ ಕೆಮ್ಮು ಕೇಳುತ್ತಿತ್ತು.

ಅದರ ಜೊತೆಗೆ ಇನ್ನೊಂದು ಸದ್ದು. "ಊಂ... ಊಂ..."

"ನೀವು ಸುಮ್ಕಿರ್ರಿ. ನನಗ ಎಲ್ಲಾ ಹೇಳ್ಯಾರ."

ಆ ಮಾತಿನಲ್ಲಿ ಗಡಸು ಇರಲಿಲ್ಲ. ಸ್ವಲ್ಪ ಹೆಮ್ಮೆ ಇತ್ತು ಅಷ್ಟೆ. ಒಂದು ಕೆಲಸವನ್ನು ಪರರ ಭಾಷೆಯಲ್ಲಿ ತಾನೇ ಕೇಳಿ ತಿಳಿದುಕೊಂಡು ಮಾಡುತ್ತಿದ್ದದ್ದು ಅವರ ಬಾಳಿನಲ್ಲಿ ಅದೇ ಮೊದಲು.

ಮುರುಗೆಪ್ಪನವರು ಮಂದಿಯ ಎದುರಿಗೂ ಎಡಗೈಯನ್ನು ಎತ್ತುತ್ತಿದ್ದರು. ಅಂಗೈ ಮೇಲೆ ಮಾಡಿ, ಹಾಸಿಗೆಯಿಂದ ಮೇಲಕ್ಕೆ, ಮತ್ತೆ ಮತ್ತೆ. ಅದರ ಮೇಲೆ ನಮ್ಮ ವಾಡೆಯಲ್ಲಿ ವಿದ್ವತ್ಪೂರ್ಣ ಚರ್ಚೆಗಳಾದವು. ಅವರ ಅಂಗಡಿಯ ಗುಮಾಸ್ತ ಅಂಬಣ್ಣ, ವಾರಕ್ಕೊಂದು ಪ್ರವಚನ ಕೇಳಿ ಬರುವ ಮನುಷ್ಯ, ತಲೆದೂಗಿ ಹೇಳಿದ: "ನೋಡ್ರಿ, ಎಲ್ಲಾ ಮ್ಯಾಲಿನವನ ಕೈಯಾಗ ಅದ ಅಂತಾರ. ವೈರಾಗ್ಯ ಬಂದದ ಅವರಿಗೆ."

"ಫ್ಯಾನ್ ಹಚ್ಚರಿ ಅಂತಿರಬೇಕು" ಎಂದೆ ನಾನು. ಫ್ಯಾನು ಹಾಕಿದೆವು. ಕೈ ನಿಲ್ಲಲಿಲ್ಲ. ಮುರುಗೆಪ್ಪನವರು ನನ್ನನ್ನು ನೋಡಿದ ನೋಟ, "ಪಾನೀ" ಎಂದ ರೈತನನ್ನು ನೋಡುತ್ತಿದ್ದ ನೋಟವೇ ಆಗಿತ್ತು. ಶಿವಬಸವ್ವನವರಿಗೆ ಅಂಬಣ್ಣನ ಅರ್ಥವೇ ಸರಿಯೆನ್ನಿಸಿತು.

"ಆ ನರ್ಸಬಾಯಿನೂ ಹಿಂಗ ಕೈ ಮಾಡಿದ್ಲು ನೋಡ್ರಿ. ದೇವರನ್ನ ನೆನಸಿ ಕೊಡ್ರಿ ಅಂದ್ಲು. ಮರಾಠಿ ಹುಡಿಗಿ ಆದ್ರೂ ಎಷ್ಟ್ ಸಂಸ್ಕಾರ!"

ನರ್ಸ್ ಹೇಳಿದ ಶಬ್ದವನ್ನೇ ಹೇಳಿದ್ದರೆ ನಮ್ಮಲ್ಲಿ ಯಾರಾದರೂ ಎದ್ದು ನಿಲ್ಲುತ್ತಿದ್ದೆವು. ಆದರೆ ಅವರು ನಮಗೆ ಅದನ್ನು ಕನ್ನಡ ಮಾಡಿಯೇ ಹೇಳಿದರು. ಅನುವಾದದಲ್ಲಿ ಮೂಲ ಕಳೆದುಹೋಗಿತ್ತು. ಮೂಲ ಗೊತ್ತಿದ್ದವರು ಒಬ್ಬರೇ, ಮಂಚದ ಮೇಲೆ ಇದ್ದರು. ಹೆಂಡತಿಯ ಆ ಮಾತು ಕೇಳಿದಾಗ ಅವರು ತಲೆಯನ್ನು ಆಚೆ ಈಚೆ ಆಡಿಸಿದರು. ಅಂಬಣ್ಣ ಅದನ್ನೂ ಭಕ್ತಿಯ ಲೆಕ್ಕಕ್ಕೇ ಹಾಕಿದ.

ಭಾದ್ರಪದ ಮುಗಿಯುವಷ್ಟರಲ್ಲಿ ಕೆಮ್ಮು ಬಲಿತು, ಜ್ವರ ಬಂದು, ಎದೆಯಲ್ಲಿ ಗೊರಗೊರ ಶುರುವಾಯಿತು. ವಾಡೆಯ ಗಂಡಸರೆಲ್ಲ ಕೆಲಸಕ್ಕೆ ಹೋದ ಹೊತ್ತು. ಶಿವಬಸವ್ವನವರು ನನ್ನ ಹೆಂಡತಿಯನ್ನು ಮಂಚದ ಹತ್ತಿರ ಕೂಡಿಸಿ, ಸೆರಗು ಹೊದ್ದು, ಓಣಿಯ ತುದಿಯ ಡಾಕ್ಟರರ ದವಾಖಾನೆಗೆ ಒಬ್ಬರೇ ಹೋದರು. ಗಂಡನಿಲ್ಲದೆ ದವಾಖಾನೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

ಅಲ್ಲಿ ಒಬ್ಬ ಮುದುಕರನ್ನು ಸೊಸೆ ಕರೆತಂದಿದ್ದಳಂತೆ. ದಮ್ಮು ಹತ್ತಿ ಬೆಂಚಿನ ಮೇಲೆ ಒರಗಿ ಮಲಗಿದ್ದರು. ಕಂಪೌಂಡರ್ ಕಿಟಕಿಯಿಂದ ಇಣುಕಿ ಗದರಿದ: "ಅಹೋ, ಝೋಪವೂ ನಕಾ! ಆಜೋಬಾಂನಾ ಬಸವೂನ್ ಠೇವಾ!"

ಆ ಶಬ್ದ ಕಿವಿಗೆ ಬಿದ್ದೊಡನೆ ಶಿವಬಸವ್ವನವರ ಎರಡೂ ಕೈ ತಾವಾಗಿಯೇ ಜೋಡಿಯಾದವು. ಆದರೆ ಆ ಸೊಸೆ ಯಾವ ದೇವರನ್ನೂ ನೆನೆಯಲಿಲ್ಲ. ಮುದುಕರ ಕಂಕುಳಲ್ಲಿ ಕೈ ಹಾಕಿ ಎತ್ತಿ, ಗೋಡೆಗೆ ಆನಿಸಿ ಕೂಡಿಸಿದಳು.

ನಾನು ಆವತ್ತು ಅರ್ಧ ದಿನ ರಜೆ ಹಾಕಿ ಮನೆಗೆ ಬರುತ್ತಿದ್ದೆ. ವಾಡೆಯ ಮೆಟ್ಟಿಲಲ್ಲಿ ಶಿವಬಸವ್ವನವರು ಏದುಸಿರು ಬಿಡುತ್ತ ಎದುರಾದರು. ಡಾಕ್ಟರರನ್ನು ಕಾಣದೆಯೇ ಓಡಿಬಂದಿದ್ದರು.

"ಅಣ್ಣಾರ, ಬಸವೂನ್ ಅಂದ್ರ ಏನ್ರಿ?"

"ಕೂಡಿಸಿ ಅಂತ ಅಕ್ಕಾರ. ಯಾಕ್ರಿ?"

"ಬಸವಣ್ಣಗ ಅದಕ್ಕ ಏನೂ ಸಂಬಂಧ ಇಲ್ಲೇನು?"

ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡು ನಾನು ನಕ್ಕೆ. ಅವರು ನಗಲಿಲ್ಲ. ಗೋಡೆ ಹಿಡಿದು ಮೆಟ್ಟಿಲ ಮೇಲೆ ಕುಳಿತರು.

"ಅವರು ಕೈ ಮಾಡಿ ಮಾಡಿ ಹೇಳಿದ್ರು. ನಾ ಸುಮ್ಕಿರ್ರಿ ಅಂದೆ."

ಇಬ್ಬರೂ ಮೇಲೆ ಹೋದೆವು. ನಾನು ಬೆನ್ನಿಗೆ ಕೈ ಕೊಟ್ಟೆ, ಅವರು ದಿಂಬುಗಳನ್ನು ಒಟ್ಟಿದರು. ಮುರುಗೆಪ್ಪನವರು ನೆಟ್ಟಗೆ ಕುಳಿತರು. ಅಷ್ಟು ದಿನ ಏಳುತ್ತಲೇ ಇದ್ದ ಎಡಗೈ ಮಡಿಲಿಗೆ ಇಳಿದು ಸುಮ್ಮನಾಯಿತು. ಶಿವಬಸವ್ವನವರು ಆ ಕೈಯನ್ನು ನೋಡುತ್ತ ನಿಂತುಬಿಟ್ಟರು.

ಮತ್ತೆ ಆಸ್ಪತ್ರೆ. ಹಾಲು ಎದೆಗೆ ಇಳಿದು ಕೀವಾಗಿದೆ ಎಂದರು. ಜೀವ ಉಳಿಯಿತು, ಶಕ್ತಿ ಉಳಿಯಲಿಲ್ಲ. ನುಂಗಿಸಿ ನೋಡುವ ಮಾತನ್ನು ಡಾಕ್ಟರು ದೀಪಾವಳಿಯಿಂದ ಸಂಕ್ರಾಂತಿಗೆ, ಸಂಕ್ರಾಂತಿಯಿಂದ ಯುಗಾದಿಗೆ ದೂಡಿದರು. ಆಮೇಲೆ ಆ ಮಾತು ಎತ್ತುವುದನ್ನೇ ಬಿಟ್ಟರು. ದೀಪಾವಳಿಯ ದಿನ ಶಿವಬಸವ್ವನವರು ರೊಟ್ಟಿ ಬಡಿಯಲಿಲ್ಲ. ಆ ಸದ್ದು ಒಳಕೋಣೆಗೆ ಕೇಳುತ್ತದೆ ಎಂದರು.

ಆ ಮೇಲಿನ ತಿಂಗಳುಗಳಲ್ಲಿ ಆ ಮನೆಯಲ್ಲಿ ಒಂದು ಹೊಸ ರೂಢಿ ಬಂತು. ಗಂಡನನ್ನು ಕೂಡಿಸಿ, ಸಿರಿಂಜು ಎತ್ತಿ ಹಿಡಿದು, ಗಂಜಿ ಇಳಿಯುವವರೆಗೆ ಶಿವಬಸವ್ವನವರು ಕೇಳುತ್ತಿದ್ದರು: "ಇದಕ್ಕ ಮರಾಠ್ಯಾಗ ಏನಂತಾರ್ರಿ? ಸೋಸೂದಕ್ಕ?" ಕೇಳಿದ ಮೇಲೆ, ಅವರಿಗೆ ಮಾತು ಹೊರಡದೆಂಬುದು ನೆನಪಾಗುತ್ತಿತ್ತು. ಮುರುಗೆಪ್ಪನವರು ಬಾಯಿ ತೆರೆಯುತ್ತಿದ್ದರು. ಇಡೀ ಪೇಠೆಗೆ ಪಾಠ ಹೇಳಿದ ಮನುಷ್ಯ. ಮನೆಯಲ್ಲಿ ಶಿಷ್ಯೆ ಸಿಕ್ಕಿದ್ದು ಈಗ. ತುಟಿ ನಡುಗಿ "ಊಂ" ಎಂಬುದೊಂದೇ ಹೊರಡುತ್ತಿತ್ತು. ಒಮ್ಮೆ ಹಾಗೆ ಕೇಳಿದಾಗ ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಅಂದಿನಿಂದ ಶಿವಬಸವ್ವನವರು ಅವರನ್ನು ಕೇಳುವುದನ್ನು ಬಿಟ್ಟು ಕಾಯಿಪಲ್ಲೆಯವಳನ್ನು ಕೇಳತೊಡಗಿದರು, ನೆರೆಯ ಬಾಯಿಯರನ್ನು ಕೇಳತೊಡಗಿದರು. ತಪ್ಪಿದಾಗ ಅವರು ನಗುತ್ತಿದ್ದರು. ಇವರೂ ನಗುತ್ತಿದ್ದರು. ಅವಮಾನವೇನೂ ಆಗುತ್ತಿರಲಿಲ್ಲ.

ಮುಂದಿನ ವರ್ಷ ಮಳೆಗಾಲದಲ್ಲಿ ಮುರುಗೆಪ್ಪನವರು ತೀರಿಕೊಂಡರು. ನಳಿ ಕೊನೆಯವರೆಗೂ ಇತ್ತು. ನಮ್ಮ ಪದ್ಧತಿಯಂತೆ ಅವರನ್ನು ಕೂಡಿಸಿಯೇ ಮಣ್ಣಿಗೆ ಒಯ್ದೆವು. ಕೂಡಿಸುವಾಗ ಶಿವಬಸವ್ವನವರು ಯಾರಿಗೂ ಬಿಟ್ಟುಕೊಡದೆ ತಾವೇ ಬೆನ್ನು ಹಿಡಿದರು.

ಮಾತಾಡಿಸಲು ಬಂದ ಮರಾಠಿ ಬಾಯಿಯೊಬ್ಬಳು, ಹೇಗಾಯಿತು ಎಂದು ಕೇಳಿದಳು. ಅಂಬಣ್ಣ ಅಭ್ಯಾಸಬಲದಿಂದ ಗಂಟಲು ಸರಿಮಾಡಿಕೊಂಡ. ದೊಡ್ಡ ಮಾತೊಂದು ಅವನ ಬಾಯಿಯವರೆಗೆ ಬಂದಿತ್ತು.

"ಥಾಂಬಾ" ಎಂದರು ಶಿವಬಸವ್ವನವರು. "ಮೀ ಸಾಂಗತೇ."

ತಡಿ, ನಾನು ಹೇಳುತ್ತೇನೆ ಎಂದು ಅವನನ್ನು ತಡೆದು ತಾವೇ ಹೇಳಿದರು. ಒಂದನ್ನೂ ಮುಚ್ಚಿಡಲಿಲ್ಲ. ನರ್ಸ್ ಹೇಳಿದ್ದು, ತಾವು ಕೇಳಿದ್ದು, ಕೈ ಎತ್ತಿದ್ದು, ಸುಮ್ಕಿರ್ರಿ ಅಂದದ್ದು. ನಡುನಡುವೆ ಕನ್ನಡ ಇಣುಕಿತು, ಲಿಂಗ ವಚನಗಳು ಅಡ್ಡಾದಿಡ್ಡಿಯಾದವು. ಆ ಹೆಂಗಸು ಬಾಯಿಗೆ ಸೆರಗು ಹಿಡಿದು ಕೇಳಿದಳು. ಕೊನೆಯಲ್ಲಿ ಶಿವಬಸವ್ವನವರು ಖಾಲಿ ಮಂಚದ ಕಡೆ ನೋಡಿ ಹೇಳಿದರು:

"ತ್ಯಾಂನಾ ಮಾಹೀತ ಹೋತಂ. ಮಲಾ ನವ್ಹತಂ."

ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಆ ಎರಡು ವಾಕ್ಯ ಮಾತ್ರ ಎಲ್ಲಿಯೂ ತಪ್ಪಿರಲಿಲ್ಲ. ಮುರುಗೆಪ್ಪನವರಿಗೂ ತಿದ್ದಲು ಅದರಲ್ಲಿ ಏನೂ ಸಿಗುತ್ತಿರಲಿಲ್ಲ.