ಒರಗಲು ಒಂದು ಭುಜ

ಜಪಾನಿನ ಒಂದು ವೃದ್ಧಾಶ್ರಮದಲ್ಲಿ ಮುದುಕರ ಆರೈಕೆ ಮಾಡುವುದು ನನ್ನ ಕೆಲಸ. ಇಲ್ಲಿಯ ಅಂಗಡಿಗಳಲ್ಲಿ ಎಲ್ಲಕ್ಕಿಂತ ದೊಡ್ಡ ಅಂಗಿಯೂ ನನ್ನ ತೋಳಿಗೆ ಬಿಗಿ. ಯಾರೂ ಏನೂ ಅನ್ನಲಿಲ್ಲ. ಆದರೂ ನಾನೇ ನಾಚಿಕೊಂಡು ಎರಡು ವರ್ಷ ಸಂಜೆಯ ಊಟ ಬಿಟ್ಟಿದ್ದೆ.

ರಜೆಗೆ ಊರಿಗೆ ಬಂದಾಗ ಬಸವಕಲ್ಯಾಣದಲ್ಲಿ ಹುಮನಾಬಾದಿನ ಬಸ್ಸು ಹತ್ತಿದೆ. ಮೂವರ ಸೀಟಿನಲ್ಲಿ ಆಗಲೇ ಮೂವರಿದ್ದೆವು. ಹುಮನಾಬಾದಿನಲ್ಲಿಳಿದು ದುಬಲಗುಂಡಿಗೆ ಹೋಗಬೇಕಿದ್ದ ವಯಸ್ಸಾದ ಹೆಂಗಸೊಬ್ಬಳು ಬಂದು, "ಜರಾ ಸರಿಯವ್ವಾ" ಎಂದಳು.

"ಜಾಗ ಎಲ್ಲದರಿ ಅಮ್ಮಾ? ನಾನೇ ದಪ್ಪ ಇದ್ದೀನ್ರಿ."

ಆಕೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಯಾರ್ ಅಂದ್ರು ನಿನಗ?"

"ಯಾರೂ ಅಂದಿಲ್ರಿ."

"ಮತ್ತ ಯಾಕ ನೀನೇ ಅನ್ಕೊಳ್ಳಾಕತ್ತೀ? ಸರಿ."

ಸರಿದೆ. ಬಸ್ಸು ಊರು ದಾಟುವಷ್ಟರಲ್ಲಿ ಆಕೆ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆಹೋದಳು. ಸೆರಗಿಗೆ ಒಲೆಯ ಹೊಗೆಯ ವಾಸನೆಯಿತ್ತು. ಎರಡು ವರ್ಷ ದಿನಾಲೂ ಎಷ್ಟೋ ಮುದುಕರನ್ನು ಎತ್ತಿ ಕೂರಿಸಿದ್ದೆ. ಹೀಗೆ ನಂಬಿ ಯಾರೂ ನನಗೆ ಒರಗಿರಲಿಲ್ಲ. ತೋಳು ಜೋಮು ಹಿಡಿದರೂ ನಾನು ಅಲುಗಾಡಲಿಲ್ಲ. ಹುಮನಾಬಾದ ಇನ್ನಷ್ಟು ದೂರವಿರಬಾರದೇ ಅನಿಸಿತು.

ಇಳಿಯುವಾಗ ಆಕೆ, "ನಿನ್ನ ಭುಜ ಮೆತ್ತಗದವ್ವಾ, ಚಲೋ ನಿದ್ದಿ ಬಂತು" ಎಂದಳು. ನನ್ನ ಹೆಸರನ್ನೂ ಕೇಳದೆ ಹೋದಳು.

ಈಗ ಮತ್ತೆ ಜಪಾನಿಗೆ ಬಂದಿದ್ದೇನೆ. ರೈಲಿನಲ್ಲಿ ಕೂತಾಗ ನನಗೇ ಗೊತ್ತಿಲ್ಲದೆ ಒಂದಿಷ್ಟು ಸರಿದು ಜಾಗ ಮಾಡುತ್ತೇನೆ. ಪಕ್ಕದ ಸೀಟು ಎಷ್ಟೋ ಸಲ ಖಾಲಿಯೇ ಉಳಿಯುತ್ತದೆ. ಇಲ್ಲಿಯವರು ನಿಂತಲ್ಲೇ ನಿದ್ದೆ ಮಾಡುವುದರಲ್ಲಿ ಪಳಗಿದವರು.