ಪ್ಲಾಸ್ಟಿಕ್ ಸುತ್ತಿದ ಗಿಟಾರು

ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ. ಮದುವೆ ಬ್ಯಾಂಡಿನಲ್ಲಿ ಬಾರಿಸುತ್ತಿದ್ದ ನನಗೆ ಆಗ ಸೊಂಟ ಓರೆಯಾದ ಎಲೆಕ್ಟ್ರಿಕ್ ಗಿಟಾರಿನ ಹುಚ್ಚು. ಕೂತು ಬಾರಿಸಿದರೂ ತೊಡೆಯಿಂದ ಜಾರದ ಜಾತಿ ಅದು. ದುಬೈಯಿಂದ ಬಂದ ಸದಾನಂದಣ್ಣ ಅಂಥ ಎರಡು ತಂದಿದ್ದಾರೆ, ಒಂದನ್ನು ಮಾರುತ್ತಾರೆ ಅಂತ ಗೊತ್ತಾದದ್ದೇ ಸ್ಕೂಟರಿನಲ್ಲಿ ಆಂಪ್ಲಿಫೈಯರ್ ಇಟ್ಟುಕೊಂಡು ಶಕ್ತಿನಗರದ ಅವರ ಮನೆಗೆ ಓಡಿದೆ.

ಎರಡಕ್ಕೂ ತಂತಿ ಸಮೇತ ಪ್ಲಾಸ್ಟಿಕ್ ಸುತ್ತಿ ಟೇಪ್ ಅಂಟಿಸಿದ್ದರು. ಆ ಮನೆಯಲ್ಲಿ ಸೋಫಾಕ್ಕೂ ಗೋಡೆ ಗಡಿಯಾರಕ್ಕೂ ಅದೇ ಗತಿ.

"ಬಿಚ್ಚಬಹುದಾ ಅಣ್ಣ?" ಅಂದೆ.

"ಬಿಚ್ಚಿದರೆ ಹಳತಾಗ್ತದಲ್ಲ ಮಾರಾಯ! ಹಾಗೆಯೇ ನೋಡು."

"ನೆಕ್ ಅಂಗೈಗೆ ಸರಿಯಾಗಿ ಕೂರ್ತದಾ ಅಂತ ಹಿಡಿದು ನೋಡ್ಬೇಕು. ಯಾವುದರ ತಂತಿಯಡಿಯ ಪಿಕಪ್ ಒಳ್ಳೆ ಸ್ವರ ಕೊಡ್ತದೆ ಅಂತ ಕೇಳ್ಬೇಕು."

"ಅದಕ್ಕೆ ಬಿಚ್ಚುವುದು ಎಂತಕ್ಕೆ? ಮೇಲಿಂದಲೇ ಹಿಡಿ."

ಹಿಡಿದೆ. ಎರಡರ ನೆಕ್ಕೂ ಒಂದೇ ರೀತಿ ಜಾರಿತು. ಪ್ಲಾಸ್ಟಿಕ್ಕಿನ ಸಂದಿಯಲ್ಲಿ ವಯರ್ ತೂರಿಸಿ ಆಂಪ್ಲಿಫೈಯರಿಗೆ ಸಿಕ್ಕಿಸಿ ಬಾರಿಸಿದೆ. ಎರಡೂ ಗೋಣಿಗೆ ಗುದ್ದಿದ ಹಾಗೆ ಬೊದ್ ಅಂದವು.

ಸದಾನಂದಣ್ಣ ತಲೆದೂಗಿದರು. "ಕೇಳಿದೆಯಾ? ಫಾರಿನ್ ಸ್ವರವೇ ಬೇರೆ!"

ನನಗೆ ಪಿತ್ತ ನೆತ್ತಿಗೇರಿತು. "ಹೂ ಹಾಕಿ ಪೂಜೆ ಮಾಡಿ ನಿಮ್ಮ ಗಿಟಾರಿಗೆ! ಬಳಸುವ ಧೈರ್ಯ ಇಲ್ಲದವರು ಸಾಮಾನು ತರುವುದಾದರೂ ಯಾಕೆ?" ಅಂತ ಕಿರುಚಿ, ಆಂಪ್ಲಿಫೈಯರ್ ಎತ್ತಿಕೊಂಡು ಹೊರಗೆ ಬಂದೆ.

ಅಂಗಳದ ಬಿಸಿಲಲ್ಲಿ ಸ್ಕೂಟರ್ ನಿಂತಿತ್ತು. ಅದೇ ಸಿಟ್ಟಿನಲ್ಲಿ ಹತ್ತಿ ಕೂತೆ. ಕೊಂಡು ವರ್ಷವಾದರೂ ನಾನು ಸೀಟಿನಿಂದ ತೆಗೆಯದೆ ಉಳಿಸಿಕೊಂಡಿದ್ದ ಕಂಪನಿ ಪ್ಲಾಸ್ಟಿಕ್ ಚುರ್ರೆಂದು ಸುಟ್ಟಿತು.