ಎದುರುಗಡೆಯ ಜಾಗ

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಎರಡನೇ ತರಗತಿಯ ಟೀಚರ್ ಕಬ್ಬಿಣದ ಬೀರುವಿನ ಬೀಗ ತೆಗೆದು, ಚಾರ್ಜಿಗೆ ಹಾಕಿದ್ದ ಎಂಟು ಟ್ಯಾಬ್ಲೆಟ್‌ಗಳನ್ನು ಹೊರಗಿಟ್ಟರು. ಮೆತ್ತನೆಯ ಬಟ್ಟೆಯಿಂದ ಗಾಜು ಒರೆಸಿ, ಎಂಟು ಚಾಪೆಗಳ ಮೇಲೆ ಒಂದೊಂದನ್ನು ಇರಿಸಿದರು. ಬಾಗಿಲ ತನಕ ಹಿಂದೆ ಸರಿದು ನೋಡಿದಾಗ ಐದನೆಯದು ಬೆರಳಷ್ಟು ಸೊಟ್ಟಗೆ ಕಂಡಿತು. ವಾಪಸ್ ಬಂದು, ಮಂಡಿ ಹಿಡಿದುಕೊಂಡು ಬಗ್ಗಿ, ಅದನ್ನು ನೆಟ್ಟಗೆ ಮಾಡಿದರು.

ಇದು ಅವರ ಹುಟ್ಟುಗುಣ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಅವರು ನೇರ ಮಾಡಿದ ಅಂಗಿಯ ಕಾಲರ್, ಬೆಂಚು, ಸಾಲು ಇವಕ್ಕೆ ಲೆಕ್ಕವಿಲ್ಲ. ಯಾರ ಮನೆಗೆ ಹೋದರೂ ಗೋಡೆಯ ಮೇಲಿನ ಫೋಟೊ ಸರಿ ಮಾಡದೆ ಕೂರುವವರಲ್ಲ. ಅಂಚೆ ಕಚೇರಿಯಿಂದ ನಿವೃತ್ತರಾದ ಗಂಡ ನಗುತ್ತಾರೆ: "ನಾಯಿ ಬಾಲ ಡೊಂಕು ಅಂತ ಗಾದೆ ಮಾಡಿದವನಿಗೆ ನಿನ್ನ ಪರಿಚಯ ಇರಲಿಲ್ಲ ಕಣೇ."

ಟ್ಯಾಬ್ಲೆಟ್‌ಗಳು ಬಂದದ್ದು ಹಿಂದಿನ ವರ್ಷ, ಇದೇ ಮಕ್ಕಳು ಒಂದನೇ ತರಗತಿಯಲ್ಲಿದ್ದಾಗ. ಮಕ್ಕಳು ಮೂವತ್ತೆರಡು, ಟ್ಯಾಬ್ಲೆಟ್ ಎಂಟು. ಅಂದರೆ ನಾಲ್ವರಿಗೆ ಒಂದು. ಪರದೆಯ ಮೇಲೆ ಒಂದು ಪದ ಬರುತ್ತದೆ, ಕೆಳಗೆ ನಾಲ್ಕು ಚಿತ್ರ. ಪದವನ್ನು ಓದಿ ಸರಿಯಾದ ಚಿತ್ರವನ್ನು ಒತ್ತಬೇಕು. ಮೊದಲ ವಾರ ತರಗತಿ ಸಂತೆಯಾಯಿತು. ಯಾರಾದರೂ ಟ್ಯಾಬ್ಲೆಟ್ ಎತ್ತಿ ತಮ್ಮ ಕಡೆ ವಾಲಿಸಿದರೆ ಪರದೆಯೂ ಅವರ ಕಡೆಗೆ ತಿರುಗುತ್ತಿತ್ತು. ಉಳಿದ ಮೂವರು ಕಿರುಚುತ್ತಿದ್ದರು. ಟೀಚರ್ ಎರಡು ಕೆಲಸ ಮಾಡಿದರು. ಸೆಟ್ಟಿಂಗ್ ಹುಡುಕಿ ಪರದೆ ತಿರುಗದಂತೆ ಮಾಡಿದರು. ಚಾಪೆಯ ಸುತ್ತ ಸೀಮೆಸುಣ್ಣದಲ್ಲಿ ನಾಲ್ಕು ಗುರುತು ಹಾಕಿದರು: ಮೂವರು ಒಂದು ಕಡೆ ಒತ್ತಿಕೊಂಡು, ನಾಲ್ಕನೆಯವರು ಎದುರುಗಡೆ. ಯಾರ ಗುರುತು ಯಾವುದೋ ಅದು ವರ್ಷಪೂರ್ತಿ ಅವರದೇ. ಗಲಾಟೆ ನಿಂತುಹೋಯಿತು.

"ನೀವು ಪೊಲೀಸ್ ಕೆಲಸಕ್ಕೆ ಸೇರಬೇಕಿತ್ತು ಮೇಡಂ," ಎಂದರು ಹೆಡ್‌ಮಾಸ್ಟರ್.

ಮೂರನೇ ಚಾಪೆಯ ಎದುರುಗಡೆಯ ಜಾಗ ಚೋಟಿಗೆ ಬಂತು. ಚೋಟುದ್ದ ಇದ್ದದ್ದರಿಂದ ಆ ಹೆಸರು. ಅವಳ ಅಮ್ಮ ಬಸ್ ಡಿಪೋದಲ್ಲಿ ಬಸ್ಸು ತೊಳೆಯುತ್ತಿದ್ದರು. ಬೆಳಗಿನ ಪಾಳಿ ಮುಗಿಸಿ ಮಗಳನ್ನು ಕರೆತರುವಷ್ಟರಲ್ಲಿ ಉಳಿದವರೆಲ್ಲ ಕೂತಾಗಿರುತ್ತಿತ್ತು. ಗುರುತು ಹಾಕಿದ ದಿನವೂ ಹಾಗೇ ಆಯಿತು. ಮಿಕ್ಕ ಜಾಗ ಅವಳದಾಯಿತು.

ಚೋಟಿ ಮಾತು ಕಡಿಮೆ. ಬೋರ್ಡಿನ ಮೇಲಿದ್ದದ್ದನ್ನು ಚಿತ್ರ ಬಿಡಿಸುವ ಹಾಗೆ ಅಂದವಾಗಿ ನಕಲು ಮಾಡುತ್ತಿದ್ದಳು. ಓದು ಅಂದರೆ ಬಾಯಿಗೆ ಬೀಗ. ಒಮ್ಮೆ ಪುಸ್ತಕ ಕೊಟ್ಟು ನಿಲ್ಲಿಸಿದಾಗ ಅದನ್ನು ತಲೆಕೆಳಗು ಹಿಡಿದಳು. ತರಗತಿ ಬಿದ್ದು ಬಿದ್ದು ನಕ್ಕಿತು. ಟೀಚರ್ ನಗಲಿಲ್ಲ. ಹತ್ತಿರ ಬಂದು ಪುಸ್ತಕವನ್ನು ನೇರ ಮಾಡಿ ಕೈಗಿಟ್ಟರು. ಅವಳು ಅದನ್ನೇ ನೋಡುತ್ತ ನಿಂತಳು, ಬೆಲ್ ಹೊಡೆಯುವವರೆಗೆ.

ವರ್ಷದ ಕೊನೆಗೆ ಪರೀಕ್ಷೆ ಬಂತು. ಒಂದು ಮಗು, ಒಂದು ಟ್ಯಾಬ್ಲೆಟ್, ನಲವತ್ತು ಪದ. ಆಟದ ಸಾಮಾನು ಇಡುವ ಕೋಣೆಯಲ್ಲಿ ಮೇಜು ಹಾಕಿ ಟೀಚರ್ ಪಕ್ಕದಲ್ಲಿ ಕೂತರು. ಚೋಟಿ ಕೂತವಳೇ ಟ್ಯಾಬ್ಲೆಟ್ಟನ್ನು ಬುಡಮೇಲು ತಿರುಗಿಸಿಕೊಂಡಳು. ಟೀಚರ್ ನೇರ ಮಾಡಿದರು. ಅವಳು ಮತ್ತೆ ತಿರುಗಿಸಿದಳು.

"ಆಟ ಆಡಬೇಡ ಕಂದ. ಸರಿಯಾಗಿ ಇಟ್ಕೋ."

ಮೂರನೇ ಸಲ ನೇರ ಮಾಡಿದಾಗ ಟೀಚರ್ ಅದರ ಮೂಲೆಯನ್ನು ಎರಡು ಬೆರಳಿನಿಂದ ಒತ್ತಿ ಹಿಡಿದರು. ನಲವತ್ತನೇ ಪದದವರೆಗೂ ಬಿಡಲಿಲ್ಲ. ನಾಲ್ಕು ಸರಿ ಬಂದವು. ನಾಲ್ಕು ಚಿತ್ರಗಳಲ್ಲಿ ಕಣ್ಣು ಮುಚ್ಚಿ ಒತ್ತಿದರೂ ಹತ್ತು ಸರಿ ಬರಬೇಕು.

ಐದಕ್ಕಿಂತ ಕಡಿಮೆ ಬಂದ ಮಗುವಿಗೆ ಸಾಫ್ಟ್‌ವೇರ್ ತಾನೇ ಒಂದು ಫಾರಂ ತೆರೆಯುತ್ತದೆ: ವಿಶೇಷ ಶಾಲೆಗೆ ಶಿಫಾರಸು. ಕೆಳಗೆ ತರಗತಿ ಟೀಚರ್ ಅಭಿಪ್ರಾಯ ಬರೆಯಬೇಕು. ಟೀಚರ್ ಎರಡು ದಿನ ಯೋಚಿಸಿ ಬರೆದರು: 'ಪುಸ್ತಕದ ಮೇಲು ಕೆಳಗು ತಿಳಿಯದು.'

ಅಮ್ಮನನ್ನು ಕರೆಸಿದರು. ಆಕೆ ಒದ್ದೆ ಬೂಟಿನಲ್ಲೇ ಬಂದು ಬಾಗಿಲಲ್ಲಿ ನಿಂತರು.

"ಅಲ್ಲಿ ಅವಳಿಗೆ ಒಳ್ಳೇದಾಗುತ್ತಾ ಮೇಡಂ?"

"ಆಗುತ್ತಮ್ಮ. ಅಲ್ಲಿ ನಿಧಾನವಾಗಿ ಹೇಳಿಕೊಡ್ತಾರೆ."

"ನೀವು ಹೇಳಿದ ಮೇಲೆ ಮುಗೀತು. ನನಗೇನು ಗೊತ್ತಾಗುತ್ತೆ."

ವಿಶೇಷ ಶಾಲೆ ಊರಿನ ಇನ್ನೊಂದು ತುದಿ. ಆಕೆ ಡಿಪೋದ ಕಾಯಂ ಕೆಲಸ ಬಿಟ್ಟು, ಆ ಶಾಲೆಯ ಹಿಂದಿನ ಬೀದಿಯಲ್ಲಿ ಕೋಣೆ ಹಿಡಿದು, ಲಾಂಡ್ರಿಯೊಂದಕ್ಕೆ ಸೇರಿಕೊಂಡರು.

ರಜೆ ಮುಗಿದು, ಅದೇ ಮಕ್ಕಳು ಅದೇ ಟೀಚರ್ ಜೊತೆ ಎರಡನೇ ತರಗತಿಗೆ ಬಂದರು. ಅವೇ ಚಾಪೆ, ಅವೇ ಗುರುತು. ಈ ಸೋಮವಾರ ಮಕ್ಕಳು ಬರುವ ಮುಂಚೆ ಟೀಚರ್ ವಾರದ ವರದಿ ತೆರೆದು ನೋಡಿದರು. ಕಳೆದ ವರ್ಷದ ಕೊನೆಯ ತಿಂಗಳುಗಳಲ್ಲಿ ನಲವತ್ತಕ್ಕೆ ಮೂವತ್ತಾರು, ಮೂವತ್ತೇಳು ತೆಗೆಯುತ್ತಿದ್ದ ಮೂರನೇ ಚಾಪೆ, ರಜೆಯ ನಂತರ ಹನ್ನೆರಡು, ಹತ್ತು, ಒಂಬತ್ತು. ಟ್ಯಾಬ್ಲೆಟ್ ಕೆಟ್ಟಿರಬೇಕೆಂದುಕೊಂಡು ಬೇರೆಯದನ್ನು ಇಟ್ಟರು. ಮೊದಲ ಪೀರಿಯಡ್ಡಿನಲ್ಲಿ ಮತ್ತೆ ಒಂಬತ್ತೇ ಬಂತು.

"ಏನ್ರೋ, ರಜೆಯಲ್ಲಿ ಕಲಿತದ್ದನ್ನೆಲ್ಲ ತೊಳೆದು ಕುಡಿದುಬಿಟ್ರಾ?" ಎಂದರು ಮೂವರನ್ನೂ ಸೇರಿಸಿ.

ಅವರಲ್ಲಿ ಬಾಯಿಬಡುಕಿಯಾದ ಹುಡುಗಿ, ಎರಡು ಜಡೆಯವಳು, ತಟ್ಟನೆ ಹೇಳಿದಳು: "ಚೋಟಿ ಇಲ್ವಲ್ಲ ಮಿಸ್."

"ಚೋಟಿ ಇಲ್ದಿದ್ರೆ ಏನಾಯ್ತು?"

"ಹೇಳೋದು ಅವಳು, ಒತ್ತೋದು ನಾನು. ಅವಳ ಕೈ ಎಟಕ್ತಿರಲಿಲ್ಲ."

"ಎಲ್ಲಾನೂ ಅವಳೇ ಹೇಳ್ತಿದ್ಲಾ?"

"ಎಲ್ಲಾನೂ. ಮೆತ್ತಗೆ ಹೇಳೋಳು."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ವಲ್ಲ ಮಿಸ್."

ಮಕ್ಕಳು ಆಟಕ್ಕೆ ಹೋದ ಮೇಲೆ ಟೀಚರ್ ಚಾಪೆಯ ಎದುರುಗಡೆಯ ಗುರುತಿನ ಮೇಲೆ ಕೂತರು. ಮಂಡಿ ಮಡಚಲು ಹೊತ್ತು ಹಿಡಿಯಿತು. ಅಲ್ಲಿಂದ ನೋಡಿದರೆ ಪ್ರತಿ ಅಕ್ಷರದ ತಲೆಕಟ್ಟು ಕೆಳಗೆ ಜೋತಾಡುತ್ತಿತ್ತು, ಒತ್ತಕ್ಷರ ಮೇಲೇರಿ ಕೂತಿತ್ತು. 'ಕತ್ತೆ' ಎಂದು ಓದಿಕೊಳ್ಳಲು ಮೂವತ್ತೊಂದು ವರ್ಷ ಅಕ್ಷರ ಕಲಿಸಿದವರಿಗೆ ಏಳೆಂಟು ಸೆಕೆಂಡು ಬೇಕಾಯಿತು. ಒಂದು ಮಗು ಇಲ್ಲಿ ಕೂತು ವರ್ಷವಿಡೀ ಹೀಗೇ ಓದಲು ಕಲಿತಿತ್ತು, ಯಾರೂ ಕಲಿಸದೆ. ಟೀಚರ್ ತಮ್ಮ ಎರಡು ಬೆರಳನ್ನು ನೋಡಿಕೊಂಡರು.

ಅಂದೇ ಹೆಡ್‌ಮಾಸ್ಟರ್ ಬಳಿ ಹೋದರು. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಂದು ಮಗುವಿಗೆ ವರ್ಷಕ್ಕೆ ಒಂದೇ ಪರೀಕ್ಷೆ ಮೇಡಂ. ಎರಡನೇ ಸಲ ತೆರೆಯೋದೇ ಇಲ್ಲ. ಅದರಲ್ಲಿ ಪಾಸಾಗದೆ ವಾಪಸ್ ಸೇರಿಸೋ ಹಾಗಿಲ್ಲ. ಮತ್ತೆ... ಫಾರಂನಲ್ಲಿ ಬರೆದದ್ದು ನೀವೇ."

ಶನಿವಾರ ಮಧ್ಯಾಹ್ನ ಎರಡು ಬಸ್ಸು ಬದಲಿಸಿ ಟೀಚರ್ ಚೋಟಿಯ ಅಮ್ಮ ಹಿಡಿದಿದ್ದ ಕೋಣೆಗೆ ಹೋದರು. ಇಸ್ತ್ರಿಯ ಬಿಸಿ ವಾಸನೆ, ಒಂದು ಮಂಚ, ಗೋಡೆಯ ಮೇಲೆ ವಾಲಿದ ಕ್ಯಾಲೆಂಡರ್. ಅದಕ್ಕೆ ಅವರು ಕೈ ಹಚ್ಚಲಿಲ್ಲ. ಚೋಟಿ ಅವರನ್ನು ನೋಡಿ ನಕ್ಕು, ಬಂದು ಪಕ್ಕದಲ್ಲೇ ಕೂತಳು. ಟೀಚರ್ ಚೀಲದಿಂದ ಒಂದನೇ ತರಗತಿಯ ಪುಸ್ತಕ ತೆಗೆದು, ಬುಡಮೇಲು ಮಾಡಿ ಅವಳ ಮುಂದೆ ಇಟ್ಟರು.

ಚೋಟಿ ಪುಸ್ತಕ ನೋಡಿದಳು. ಟೀಚರ್ ಮುಖ ನೋಡಿದಳು. ಆಮೇಲೆ ಪುಸ್ತಕವನ್ನು ಮೆಲ್ಲಗೆ ತಿರುಗಿಸಿ ನೇರ ಮಾಡಿದಳು. ಅದರ ಮೂಲೆಯನ್ನು ಎರಡು ಬೆರಳಿನಿಂದ ಒತ್ತಿ ಹಿಡಿದಳು.

"ಹಾಗಲ್ಲ ಕಂದ. ಮೊದಲು ಇದ್ದ ಹಾಗೇ ಇರಲಿ. ಓದು."

"ಬರಲ್ಲ ಮಿಸ್. ನನಗೆ ಓದೋಕೆ ಬರಲ್ಲ."

"ಈಗ ಪುಸ್ತಕ ಸರಿಯಾಗಿ ಹಿಡೀತಾಳೆ ಮೇಡಂ," ಎಂದರು ಅಮ್ಮ, ಟೀ ಲೋಟ ಮುಂದಿಡುತ್ತ. "ನೀವು ಹಾಕಿಕೊಟ್ಟ ಅಭ್ಯಾಸ."

ಟೀಚರ್ ಎಲ್ಲವನ್ನೂ ಹೇಳಿದರು. ಚಾಪೆ, ಗುರುತು, ಪರೀಕ್ಷೆಯ ಕೋಣೆ, ತಮ್ಮ ಬೆರಳು. ತಪ್ಪು ನನ್ನದು ಎಂದರು. ಆಕೆ ನಿಂತೇ ಕೇಳಿದರು. ಕೊನೆಗೆ, "ಹಾಗಾದ್ರೆ ಅವಳಿಗೆ ಏನೂ ಕಮ್ಮಿ ಇಲ್ವಾ?" ಎಂದರು.

"ಏನೂ ಇಲ್ಲಮ್ಮ."

ಆಕೆ ಮಂಚದ ಅಂಚಿಗೆ ಕೂತರು. "ನಾನು ದಿನಾ ಮಲಗಿಸುವಾಗ ಹೇಳ್ತಿದ್ದೆ ಮೇಡಂ. ನಿನಗೆ ಸ್ವಲ್ಪ ಕಮ್ಮಿ ಕಂದ, ಪರವಾಗಿಲ್ಲ, ನಾನಿದ್ದೀನಿ ಅಂತ. ದಿನಾ ಹೇಳಿದೀನಿ."

ಟೀ ಆರಿಹೋಯಿತು. ಚೋಟಿ ಪುಸ್ತಕದ ಮೂಲೆಯಿಂದ ಬೆರಳು ತೆಗೆದಿರಲಿಲ್ಲ.

ಟೀಚರ್ ಈಗ ಪ್ರತಿ ಶನಿವಾರ ಎರಡು ಬಸ್ಸು ಹಿಡಿದು ಹೋಗುತ್ತಾರೆ. ಚೋಟಿ ಆರು ವಾರದಲ್ಲಿ ಹನ್ನೊಂದು ಅಕ್ಷರ ಗುರುತಿಸಿದ್ದಾಳೆ, ನೇರವಾಗಿ. ತಲೆಕೆಳಗಾಗಿ ಒಂದನ್ನೂ ಓದುವುದಿಲ್ಲ. ಮುಂದಿನ ಪರೀಕ್ಷೆ ತೆರೆಯಲು ಇನ್ನು ಏಳು ತಿಂಗಳಿದೆ. ಟೀಚರ್ ನಿವೃತ್ತಿಗೆ ನಾಲ್ಕು ತಿಂಗಳು.